ಸಾಲ್ಗಾಂವ್ಕರ್ ಕ್ಲಬ್ ಹುಟ್ಟಿದ್ದು ಹೇಗೆ, ದೊಡ್ಡ ಲೀಗ್ ಬಿಟ್ಟಿದ್ದು ಯಾಕೆ?

ಪ್ರಶ್ನೆ: ನಾವು ವಾಸ್ಕೊದ ಝುವಾರಿನಗರದಲ್ಲಿ ಇರುವವರು. ಅಪ್ಪ ಗದಗ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು. ಫುಟ್ಬಾಲ್ ಮಾತು ಬಂದರೆ ಈಗಲೂ ಸಾಲ್ಗಾಂವ್ಕರ್ ಹೆಸರೇ ಹೇಳುತ್ತಾರೆ. ನನ್ನ ಮಗನಿಗೆ ಹನ್ನೆರಡು ವರ್ಷ, ಚೆನ್ನಾಗಿ ಆಡುತ್ತಾನೆ. ಅವನಿಗೆ ಎಫ್‌ಸಿ ಗೋವಾ ಬಿಟ್ಟರೆ ಬೇರೆ ಕ್ಲಬ್ ಗೊತ್ತಿಲ್ಲ. ಸಾಲ್ಗಾಂವ್ಕರ್ ಅಂದರೆ ಗಣಿ ಕಂಪನಿ ಅಲ್ವಾ? ಕಂಪನಿ ಹೆಸರಲ್ಲಿ ಕ್ಲಬ್ ಹೇಗೆ ಶುರುವಾಯಿತು? ಅದು ನಿಜಕ್ಕೂ ಪ್ರೊಫೆಷನಲ್ ಕ್ಲಬ್ ಆಗಿತ್ತಾ? ಈಗ ಟಿವಿಯಲ್ಲಿ ಯಾಕೆ ಕಾಣುವುದಿಲ್ಲ?

ಉತ್ತರ: ನಿಮ್ಮ ತಂದೆಯವರು ಆ ಹೆಸರು ಬಿಡದೆ ಹೇಳುವುದಕ್ಕೆ ಕಾರಣ ಇದೆ. ಗೋವಾದ ಕ್ಲಬ್‌ಗಳಲ್ಲಿ ದೇಶ ಮಟ್ಟದ ಫೆಡರೇಶನ್ ಕಪ್ ಮೊದಲು ಗೆದ್ದದ್ದು ಸಾಲ್ಗಾಂವ್ಕರ್. ರಾಷ್ಟ್ರೀಯ ಲೀಗ್ ಮೊದಲು ಗೆದ್ದದ್ದೂ ಅದೇ. ಎಫ್‌ಸಿ ಗೋವಾ ಹುಟ್ಟಿದ್ದು 2014ರಲ್ಲಿ. ಸಾಲ್ಗಾಂವ್ಕರ್ ಅದಕ್ಕಿಂತ 58 ವರ್ಷ ಹಿರಿದು. 1956ರಲ್ಲಿ ಅದು ಶುರುವಾದಾಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಭಾರತಕ್ಕೆ ಸೇರಿದ್ದು 1961ರ ಡಿಸೆಂಬರ್‌ನಲ್ಲಿ. ಅಂದರೆ ಭಾರತದ ಚಾಂಪಿಯನ್ ಆದ ಈ ಕ್ಲಬ್ ಹುಟ್ಟಿದ್ದು ಬೇರೆ ದೇಶದ ಆಡಳಿತದಲ್ಲಿ. ಮಗನಿಗೆ ಮೊದಲು ಇದನ್ನು ಹೇಳಿ.

ಶುರುವಿನಲ್ಲಿ ಕ್ಲಬ್‌ನ ಹೆಸರು ವಿಮ್ಸನ್. ಅದನ್ನು ಕಟ್ಟಿದವರು ವಿ.ಎಂ. ಸಾಲ್ಗಾಂವ್ಕರ್, ಪೂರ್ತಿ ಹೆಸರು ವಾಸುದೇವ ಮಹಾದೇವ ಸಾಲ್ಗಾಂವ್ಕರ್. ಅವರ ಕಸುಬು ಕಬ್ಬಿಣದ ಅದಿರು ತೆಗೆದು ಹಡಗಿಗೆ ತುಂಬಿಸುವುದು. ನೀವು ವಾಸ್ಕೊದಲ್ಲೇ ಇರುವುದರಿಂದ ಆ ದಂಧೆಯ ದಾರಿ ನಿಮಗೆ ನಾನು ಹೇಳಬೇಕಾಗಿಲ್ಲ. ಡಿಚೋಲಿ, ಸಾಂಖಳಿ ಕಡೆಯ ಗುಡ್ಡಗಳಿಂದ ಲಾರಿಯಲ್ಲಿ ನದಿ ದಂಡೆಗೆ, ಅಲ್ಲಿಂದ ಬಾರ್ಜ್‌ನಲ್ಲಿ ಮಾಂಡೋವಿ, ಝುವಾರಿ ನದಿ ಇಳಿದು ಮುರಗಾಂವ್ ಬಂದರಿಗೆ. ಅಲ್ಲಿ ದೊಡ್ಡ ಹಡಗು ಕಾಯುತ್ತಿರುತ್ತಿತ್ತು. ಯುದ್ಧದಲ್ಲಿ ನೆಲಸಮವಾಗಿದ್ದ ಜಪಾನ್ 50ರ ದಶಕದಲ್ಲಿ ಮತ್ತೆ ಉಕ್ಕಿನ ಕಾರ್ಖಾನೆ ಕಟ್ಟುತ್ತಿತ್ತು. ಅದಕ್ಕೆ ಅದಿರು ಬೇಕಿತ್ತು. ಗೋವಾದ ಗಣಿ ಮಾಲೀಕರ ಕೈಗೆ ದುಡ್ಡು ಬಂದದ್ದು ಆಗಲೇ. ಭಾರತ ಸರ್ಕಾರ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹಾಕಿದ್ದ ಕಾಲ ಅದು. ಗಡಿಯ ವ್ಯಾಪಾರ ನಿಂತಿತ್ತು. ಅದಿರು ಮಾತ್ರ ಸಮುದ್ರದ ದಾರಿಯಲ್ಲಿ ಹೋಗುತ್ತಲೇ ಇತ್ತು.

ಆಟ ಮಾತ್ರ ಗಣಿಗಿಂತ ಹಳೆಯದು. 1883ರಲ್ಲಿ ವಿಲಿಯಂ ರಾಬರ್ಟ್ ಲಯನ್ಸ್ ಅನ್ನುವ ಪಾದ್ರಿ ಶಿವೋಲಿ ಊರಿನಲ್ಲಿ ಹುಡುಗರಿಗೆ ಫುಟ್ಬಾಲ್ ಕಲಿಸಿದರು ಅಂತ ಗೋವಾದ ಫುಟ್ಬಾಲ್ ಚರಿತ್ರೆ ಶುರುವಾಗುತ್ತದೆ. ಅಲ್ಲಿಂದ ಅದು ಚರ್ಚ್ ಶಾಲೆಗಳಿಗೆ, ಶಾಲೆಗಳಿಂದ ಊರೂರಿಗೆ ಹೋಯಿತು. ಭತ್ತ ಕೊಯ್ದ ಗದ್ದೆಯೇ ಮೈದಾನ. ಊರಿಗೊಂದು ತಂಡ, ಕೇರಿಗೊಂದು ತಂಡ. ಆಟಗಾರರಿಗೆ ಕೊರತೆ ಯಾವತ್ತೂ ಇರಲಿಲ್ಲ. ಕೊರತೆ ಇದ್ದದ್ದು ಹೊಟ್ಟೆಪಾಡಿಗೆ. ಇಪ್ಪತ್ತು ವರ್ಷದ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಮನೆ ನಡೆಯಬೇಕಲ್ಲ. ಹಡಗು ಹತ್ತಬೇಕು, ಇಲ್ಲವೇ ಮುಂಬಯಿಗೆ ಹೋಗಬೇಕು. ಧೋಬಿ ತಲಾವ್ ಸುತ್ತಮುತ್ತ ಗೋವಾದ ಒಂದೊಂದು ಊರಿನವರಿಗೂ ಒಂದೊಂದು ಕೂಡ್, ಅಂದರೆ ಊರವರ ವಸತಿಮನೆ, ಇತ್ತು. ಹಡಗಿನ ಕೆಲಸಕ್ಕೆ ಕಾಯುವವರು, ನೌಕರಿ ಹುಡುಕುವವರು ಅಲ್ಲಿ ಉಳಿಯುತ್ತಿದ್ದರು. ಮುಂಬಯಿಯ ಮಿಲ್ಲು, ಕಂಪನಿ, ರೈಲ್ವೆ ತಂಡಗಳಿಗೆ ಗೋವಾದ ಹುಡುಗರು ಸಿಕ್ಕಿದ್ದು ಹಾಗೆ. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಗೋವಾ ಮೂಲದವರು, ಮುಂಬಯಿಯಲ್ಲಿ ಟಾಟಾ ತಂಡಕ್ಕೆ ಆಡಿದವರು. ಆ ಪಂದ್ಯ ನಡೆದದ್ದೂ 1956ರಲ್ಲೇ. ಅದೇ ವರ್ಷ ಇತ್ತ ವಿಮ್ಸನ್ ಹುಟ್ಟಿತು.

ಕಂಪನಿ ಹೆಸರಲ್ಲಿ ಕ್ಲಬ್ ಯಾಕೆ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮುಂಬಯಿಯ ಕಂಪನಿಗಳು ಕೊಡುತ್ತಿದ್ದ ನೌಕರಿಯನ್ನು ಗಣಿ ಕಂಪನಿಗಳು ಗೋವಾದಲ್ಲೇ ಕೊಡತೊಡಗಿದವು. ಸಾಲ್ಗಾಂವ್ಕರ್ ಮೊದಲು. ಅವರ ಹಿಂದೆ 60ರ ದಶಕದಲ್ಲಿ ಡೆಂಪೋ ಬಂತು, ಸೆಸಾ ಗೋವಾ ಬಂತು. ಹುಡುಗನನ್ನು ತಂಡಕ್ಕೆ ತೆಗೆದುಕೊಂಡರೆ ಕಂಪನಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರೂ ಸೇರುತ್ತಿತ್ತು. ಬೆಳಿಗ್ಗೆ ಅಭ್ಯಾಸ, ಆಮೇಲೆ ಆಫೀಸು, ಪಂದ್ಯದ ದಿನ ರಜೆ. ತಿಂಗಳ ಕೊನೆಗೆ ಎಲ್ಲರ ಜೊತೆ ಅವನಿಗೂ ಪಗಾರ. ಕಾಲು ಪೆಟ್ಟಾದರೂ, ವಯಸ್ಸಾಗಿ ತಂಡ ಬಿಟ್ಟರೂ ನೌಕರಿ ಇರುತ್ತಿತ್ತು. ಮನೆಯವರು ಮಗನನ್ನು ಮೈದಾನಕ್ಕೆ ಬಿಡಲು ಒಪ್ಪಿದ್ದು ಈ ಕೊನೆಯ ಮಾತಿಗಾಗಿ.

ಹಾಗಾದರೆ ಅದು ಪ್ರೊಫೆಷನಲ್ ಕ್ಲಬ್ ಆಗಿತ್ತಾ? ಕಾಗದದ ಮೇಲೆ ಅಲ್ಲ. ಭಾರತದ ಫುಟ್ಬಾಲ್ 90ರ ದಶಕದವರೆಗೂ ಲೆಕ್ಕಕ್ಕೆ ಅಮೆಚೂರ್ ಆಟವೇ. ಆಟಗಾರನ ಪಗಾರ ಗುಮಾಸ್ತನ ಹೆಸರಿನಲ್ಲಿ ಬರುತ್ತಿತ್ತು. ಆದರೆ ಅವನು ಏಳುವುದು, ತಿನ್ನುವುದು, ಮಲಗುವುದು ಎಲ್ಲ ಆಟಕ್ಕಾಗಿ. ಅವನ ಮನೆಗೆ ಅಕ್ಕಿ ಬರುವುದು ಆಟದಿಂದ. ನನ್ನ ಲೆಕ್ಕದಲ್ಲಿ ಅದು ವೃತ್ತಿಯೇ. ಇವತ್ತಿನ ಎಷ್ಟೋ ಹುಡುಗರ ಒಂದು ಸೀಸನ್ ಒಪ್ಪಂದಕ್ಕಿಂತ ಅದು ಗಟ್ಟಿಯಾದ ವೃತ್ತಿ ಅಂತಲೇ ಹೇಳುತ್ತೇನೆ.

ಆ ಕಾಲದ ಹೆಸರುಗಳಲ್ಲಿ ಒಂದನ್ನು ನಿಮ್ಮ ಮಗ ನೆನಪಿಡಲಿ: ಬ್ರಹ್ಮಾನಂದ ಸಂಖವಾಳ್ಕರ್, ಗೋಲ್‌ಕೀಪರ್. ತಾಳಗಾಂವ್‌ನವರು. ಸಣ್ಣ ಕ್ಲಬ್‌ನಲ್ಲಿ ಆಡಿ ಸಾಲ್ಗಾಂವ್ಕರ್‌ಗೆ ಬಂದರು, ವರ್ಷಗಟ್ಟಲೆ ಅಲ್ಲೇ ಉಳಿದರು. 80ರ ದಶಕದಲ್ಲಿ ಭಾರತ ತಂಡದ ನಾಯಕರಾದರು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯಲ್ಲಿ, 1983-84ರಲ್ಲಿ, ಗೋವಾ ತಂಡ ಇಡೀ ಟೂರ್ನಿಯಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಕಪ್ ಎತ್ತಿತು. ಗೋಲಿನ ಮುಂದೆ ನಿಂತಿದ್ದವರು ಅವರೇ. ಅರ್ಜುನ ಪ್ರಶಸ್ತಿ 1997ರಲ್ಲಿ ಬಂತು. 2022ರಲ್ಲಿ ಪದ್ಮಶ್ರೀ. ಹಳಬರು ಅವರ ಬಗ್ಗೆ ಹೇಳುವಾಗ ಹಾರಿ ಹಿಡಿದ ಚೆಂಡಿನ ಮಾತು ಕಮ್ಮಿ. ಚೆಂಡು ಬರುವ ಮೊದಲೇ ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದ ಮನುಷ್ಯ ಅಂತಾರೆ. ಕೀಪರ್ ಆಗಬೇಕು ಅನ್ನುವ ಯಾವ ಹುಡುಗನಿಗೂ ನಾನು ಹೇಳುವ ಮೊದಲ ಪಾಠ ಇದು.

ಗೋವಾದ ಲೀಗ್ ಗೆಲ್ಲುವುದು ಒಂದು ಮಾತು. ಹೊರಗೆ ಹೋಗಿ ಗೆಲ್ಲುವುದು ಬೇರೆ. ಆಗ ದೇಶದ ಲೀಗ್ ಅಂತ ಇರಲಿಲ್ಲ. ದೊಡ್ಡ ಕಪ್‌ಗಳಿದ್ದವು: ದೆಹಲಿಯಲ್ಲಿ ಡ್ಯುರಾಂಡ್, ಕೋಲ್ಕತ್ತದಲ್ಲಿ ಐಎಫ್‌ಎ ಶೀಲ್ಡ್, ಮುಂಬಯಿಯಲ್ಲಿ ರೋವರ್ಸ್. ಗೋವಾದವರಿಗೆ ಹತ್ತಿರದ್ದು ಕೂಪರೇಜ್ ಮೈದಾನದ ರೋವರ್ಸ್ ಕಪ್. 1891ರಲ್ಲಿ ಶುರುವಾದಾಗ ಅದು ಬ್ರಿಟಿಷ್ ಪಲ್ಟನ್‌ಗಳ ಆಟ. ಬಿಳಿಯರ ಕೈಯಿಂದ ಆ ಕಪ್ ಮೊದಲು ಕಿತ್ತುಕೊಂಡವರು ಯಾರು ಗೊತ್ತಾ? ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷ ಮತ್ತೆ ಅವರೇ. 1948ರಲ್ಲಿ ಮೂರನೇ ಸಲ. ಕನ್ನಡ ನಾಡಿನ ಒಂದು ಕ್ಲಬ್ ಮಾಡಿದ ಈ ಕೆಲಸ ನಮ್ಮವರಿಗೇ ಮರೆತುಹೋಗಿದೆ. ನಿಮ್ಮ ಪ್ರಶ್ನೆಗೆ ಇದು ನೇರವಾಗಿ ಸಂಬಂಧಪಟ್ಟದ್ದಲ್ಲ. ಆದರೂ ಕನ್ನಡದಲ್ಲಿ ಫುಟ್ಬಾಲ್ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಹೋಗಲು ನನಗೆ ಮನಸ್ಸಾಗುವುದಿಲ್ಲ.

70ರ ದಶಕದ ಕೊನೆಗೆ ಡೆಂಪೋ ರೋವರ್ಸ್ ಗೆದ್ದು ಗೋವಾಕ್ಕೆ ಬಾಗಿಲು ತೆರೆಯಿತು. ಸಾಲ್ಗಾಂವ್ಕರ್ ಸರದಿ ಬಂದದ್ದು 1988ರಲ್ಲಿ. ಫೆಡರೇಶನ್ ಕಪ್ ಫೈನಲ್‌ನಲ್ಲಿ ಗಡಿ ಭದ್ರತಾ ಪಡೆ ತಂಡವನ್ನು ಸೋಲಿಸಿತು. ಮರುವರ್ಷ ಮೋಹನ್ ಬಗಾನ್ ಅನ್ನೇ ಸೋಲಿಸಿ ಕಪ್ ಉಳಿಸಿಕೊಂಡಿತು. 1990ರಲ್ಲಿ ಮತ್ತೆ ಫೈನಲ್, ಕೇರಳ ಪೊಲೀಸ್ ಎದುರು ಸೋಲು. ನಿಮ್ಮ ತಂದೆಯವರ ಪೀಳಿಗೆಗೆ ಈ ಹೆಸರು ಅಂಟಿಕೊಂಡದ್ದು ಈ ವರ್ಷಗಳಲ್ಲಿ ಅಂತ ನನ್ನ ಅಂದಾಜು. ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂ ತಯಾರಾದದ್ದೂ 1989ರಲ್ಲಿ. ಅದಕ್ಕೆ ಮೊದಲು ವಾಸ್ಕೊದವರಿಗೆ ಫುಟ್ಬಾಲ್ ಅಂದರೆ ತಿಲಕ್ ಮೈದಾನ. ಬಂದರಿನ ಕೆಲಸ ಮುಗಿಸಿ ನಡೆದೇ ಹೋಗಬಹುದಾದ ಜಾಗ. ತಿಲಕ್ ಮೈದಾನದ ಮಾತು ಎತ್ತಿ ನೋಡಿ, ಅವರು ಒಂದು ಗಂಟೆ ನಿಲ್ಲಿಸದೆ ಮಾತಾಡುತ್ತಾರೆ.

1997ರ ಫೆಡರೇಶನ್ ಕಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆ ವರ್ಷದ ಸೆಮಿಫೈನಲ್ ಭಾರತದ ಫುಟ್ಬಾಲ್ ಚರಿತ್ರೆಯಲ್ಲೇ ದೊಡ್ಡದು. ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಗಾನ್. ನೋಡಲು ಬಂದವರು 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದು ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಆ ಪಂದ್ಯದ ಮೇಲೆ ಇಂದಿಗೂ ಲೇಖನಗಳು ಬರುತ್ತವೆ. ಆದರೆ ಕಪ್ ಎತ್ತಿದ್ದು ಯಾರು? ಫೈನಲ್‌ನಲ್ಲಿ ಅದೇ ಈಸ್ಟ್ ಬೆಂಗಾಲ್ ಅನ್ನು ಅವರ ಊರಿನಲ್ಲೇ 2-1ರಿಂದ ಸೋಲಿಸಿದ ಸಾಲ್ಗಾಂವ್ಕರ್. ಹದಿನೈದು ಲಕ್ಷವೂ ಜನಸಂಖ್ಯೆ ಇಲ್ಲದ ರಾಜ್ಯದ ಒಂದು ಗಣಿ ಕಂಪನಿ ತಂಡ ಅಂಥ ಊರಿಗೆ ಹೋಗಿ ಕಪ್ ತಂದಿತು. ನನಗೆ ಇದು ಸೆಮಿಫೈನಲ್‌ಗಿಂತ ದೊಡ್ಡ ಕಥೆ.

ರಾಷ್ಟ್ರೀಯ ಲೀಗ್ ಶುರುವಾದದ್ದು 1996ರ ಕೊನೆಗೆ. ಆಗ ಎಲ್ಲ ಬದಲಾಯಿತು. ತಿಂಗಳುಗಟ್ಟಲೆ ಪಂದ್ಯ, ದೇಶ ಪೂರ್ತಿ ಓಡಾಟ, ವಿದೇಶಿ ಆಟಗಾರರು, ಬರವಣಿಗೆಯ ಒಪ್ಪಂದ. ಬೆಳಿಗ್ಗೆ ಆಡಿ ಆಮೇಲೆ ಆಫೀಸಿಗೆ ಹೋಗುವ ಕಾಲ ಮುಗಿಯಿತು. ಸಾಲ್ಗಾಂವ್ಕರ್ ಬೇಗ ಹೊಂದಿಕೊಂಡಿತು. ಶಬ್ಬೀರ್ ಅಲಿ ಕೋಚ್ ಆಗಿ ಬಂದರು. 1998-99ರಲ್ಲಿ ಲೀಗ್ ಗೆದ್ದು ಭಾರತದ ಚಾಂಪಿಯನ್ ಆಯಿತು. ಆ ಕಾಲದ ಸ್ಟ್ರೈಕರ್ ಬ್ರೂನೊ ಕುಟಿನ್ಹೊ ಅವರಿಗೂ ಮುಂದೆ ಅರ್ಜುನ ಪ್ರಶಸ್ತಿ ಬಂತು.

ಮತ್ತೆ ಲೀಗ್ ಗೆಲ್ಲಲು 2010-11ರವರೆಗೆ ಕಾಯಬೇಕಾಯಿತು. ಮೊರೊಕ್ಕೊದ ಕರೀಂ ಬೆಂಚೆರೀಫಾ ಕೋಚ್, ಮುಂದಿನ ಸಾಲಿನಲ್ಲಿ ಆಡುತ್ತಿದ್ದವರು ಜಪಾನ್‌ನ ರ್ಯೂಜಿ ಸುಯೋಕ, ನೈಜೀರಿಯಾದ ಚಿಡಿ ಎಡೆ. ಈ ಕ್ಲಬ್‌ಗೆ ಮೊದಲು ದುಡ್ಡು ಹುಟ್ಟಿದ್ದು ಜಪಾನ್‌ಗೆ ಹೋದ ಅದಿರಿನಿಂದ. ಅರ್ಧ ಶತಮಾನ ಕಳೆದ ಮೇಲೆ ಜಪಾನ್‌ನಿಂದ ಒಬ್ಬ ಬಂದು ಅದೇ ಕ್ಲಬ್‌ಗೆ ಗೋಲು ಹೊಡೆದ. ಅದೇ 2011ರಲ್ಲಿ ಫೆಡರೇಶನ್ ಕಪ್ ಕೂಡ ಬಂತು. ಎದುರಾಳಿ ಮತ್ತೆ ಈಸ್ಟ್ ಬೆಂಗಾಲ್, ಜಾಗ ಮತ್ತೆ ಕೋಲ್ಕತ್ತ.

ಇನ್ನು ಕಷ್ಟದ ಭಾಗ. ಕಂಪನಿ ಕಟ್ಟಿದ ಕ್ಲಬ್‌ಗೆ ಕಂಪನಿಯೇ ತಾಯಿ ತಂದೆ. ಮೋಹನ್ ಬಗಾನ್‌ಗೆ ಸದಸ್ಯರಿದ್ದಾರೆ, ಅವರು ಚಂದಾ ಕೊಡುತ್ತಾರೆ, ಚುನಾವಣೆಯಲ್ಲಿ ಓಟು ಹಾಕುತ್ತಾರೆ, ಗಲಾಟೆ ಮಾಡುತ್ತಾರೆ. ಗೋವಾದ ಕಂಪನಿ ಕ್ಲಬ್‌ಗಳಲ್ಲಿ ಅಂಥ ವ್ಯವಸ್ಥೆ ಬೆಳೆಯಲಿಲ್ಲ. ಜನ ಪ್ರೀತಿಸಿದರು, ಟಿಕೆಟ್ ತೆಗೆದುಕೊಂಡು ನೋಡಿದರು. ಕ್ಲಬ್ ಏನು ಮಾಡಬೇಕು ಅನ್ನುವ ನಿರ್ಧಾರದಲ್ಲಿ ಅವರಿಗೆ ಪಾಲು ಇರಲಿಲ್ಲ. ಮುಂಬಯಿಯಲ್ಲಿ ಇದರ ಫಲ ಮೊದಲೇ ಕಂಡಿತ್ತು. ಮಹೀಂದ್ರಾ ತಂಡ 2005-06ರಲ್ಲಿ ದೇಶದ ಚಾಂಪಿಯನ್, 2010ರಲ್ಲಿ ಬಾಗಿಲು ಮುಚ್ಚಿತು. ಪುಣೆಯಲ್ಲಿ 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ ಹತ್ತು ವರ್ಷವೂ ಬಾಳಲಿಲ್ಲ.

ಗೋವಾದಲ್ಲಿ 2012ರಲ್ಲಿ ಗಣಿಗಾರಿಕೆಯೇ ನಿಂತಿತು. ಅಕ್ರಮದ ಆರೋಪ, ತನಿಖೆ, ಸುಪ್ರೀಂ ಕೋರ್ಟ್ ಆದೇಶ, ಇದೆಲ್ಲ ನಿಮಗೆ ನೆನಪಿರುತ್ತದೆ. ನಮ್ಮ ಕಡೆಯ ಎಷ್ಟೋ ಲಾರಿ ಚಾಲಕರ, ಬಾರ್ಜ್ ಕೆಲಸಗಾರರ ಮನೆಗಳಿಗೆ ಅದು ನೇರ ಪೆಟ್ಟು ಕೊಟ್ಟಿತು. ಆದರೂ ಸಾಲ್ಗಾಂವ್ಕರ್ ತಂಡ ಆಡುತ್ತಲೇ ಹೋಯಿತು. 2014ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. ಆಗ ಕೋಚ್ ಡೆರಿಕ್ ಪೆರೇರಾ. ಇದೇ ಕ್ಲಬ್‌ನ ಹಳೆಯ ಡಿಫೆಂಡರ್. ಮಹೀಂದ್ರಾಗೆ ಲೀಗ್ ಗೆಲ್ಲಿಸಿಕೊಟ್ಟವರೂ ಅವರೇ.

ಅದೇ 2014ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಬಂತು. ಊರಿನ ಹೆಸರಿನ ತಂಡಗಳು, ಟಿವಿ, ದೊಡ್ಡ ದುಡ್ಡು. ಎಫ್‌ಸಿ ಗೋವಾ ಶುರುವಾದಾಗ ಅದರ ಪಾಲುದಾರರಲ್ಲಿ ದತ್ತರಾಜ್ ಸಾಲ್ಗಾಂವ್ಕರ್, ಶ್ರೀನಿವಾಸ್ ಡೆಂಪೋ ಇಬ್ಬರೂ ಇದ್ದರು. ಹಾಗಾಗಿ ನಿಮ್ಮ ಮಗನ ಕ್ಲಬ್‌ಗೂ ಅವನ ಅಜ್ಜನ ಕ್ಲಬ್‌ಗೂ ನೆಂಟಸ್ತಿಕೆ ಇದೆ. 2016ರಲ್ಲಿ ಫುಟ್ಬಾಲ್ ಫೆಡರೇಶನ್ ಹೊಸ ಯೋಜನೆ ಮುಂದಿಟ್ಟಿತು. ಐಎಸ್‌ಎಲ್ ಮೇಲಿನ ದರ್ಜೆ, ಐ-ಲೀಗ್ (ಹಳೆಯ ರಾಷ್ಟ್ರೀಯ ಲೀಗ್‌ಗೆ ಆಮೇಲೆ ಬಂದ ಹೆಸರು) ಕೆಳಗಿನದು. ಮೇಲಿನ ದರ್ಜೆಗೆ ಹೋಗಲು ಆಡಿ ಗೆದ್ದರೆ ಸಾಕಾಗುತ್ತಿರಲಿಲ್ಲ. ಇದನ್ನು ವಿರೋಧಿಸಿ ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ಡಿ ಗೋವಾ, ಡೆಂಪೋ ಮೂರೂ ಐ-ಲೀಗ್‌ನಿಂದ ಹೊರಬಂದವು. ಟಿವಿಯಲ್ಲಿ ಕಾಣದೆ ಹೋಗಿದ್ದು ಹೀಗೆ. ಅವರ ಸಿಟ್ಟು ನ್ಯಾಯವಾದದ್ದು ಅಂತ ನನಗೆ ಅನ್ನಿಸುತ್ತದೆ. ಗೆದ್ದವನು ಮೇಲೆ ಹೋಗಬೇಕು, ಸೋತವನು ಕೆಳಗೆ ಇಳಿಯಬೇಕು. ಇದಿಲ್ಲದೆ ಲೀಗ್ ಅನ್ನುವುದಕ್ಕೆ ಅರ್ಥ ಉಳಿಯುವುದಿಲ್ಲ. ಆದರೆ ಹೊರಬಂದದ್ದರಿಂದ ನಷ್ಟ ಆದದ್ದು ಗೋವಾದ ಹುಡುಗರಿಗೆ. ದೇಶದ ಮಟ್ಟದಲ್ಲಿ ಆಡುವ ಎಷ್ಟೋ ಜಾಗಗಳು ಒಂದೇ ವರ್ಷದಲ್ಲಿ ಹೋದವು. ಸಾಲ್ಗಾಂವ್ಕರ್ ಗೋವಾ ಪ್ರೊಫೆಷನಲ್ ಲೀಗ್‌ನಲ್ಲಿ ಆಟ ಮುಂದುವರಿಸಿತು. ಡೆಂಪೋ ಮಾತ್ರ ಮತ್ತೆ ಕೆಳಗಿನಿಂದ ಹತ್ತಿ 2024ರಲ್ಲಿ ಐ-ಲೀಗ್‌ಗೆ ವಾಪಸ್ ಬಂತು. ಅದರ ಜೊತೆ ಮೇಲೆ ಬಂದ ಇನ್ನೊಂದು ತಂಡ ಎಸ್‌ಸಿ ಬೆಂಗಳೂರು.

ನಮ್ಮವರ ಹುಡುಗರಿಗೆ ಇಲ್ಲಿ ಜಾಗ ಇದೆಯಾ ಅಂತ ಝುವಾರಿನಗರ, ಬೈನಾ ಕಡೆಯ ಅಪ್ಪಂದಿರು ನನ್ನನ್ನು ಕೇಳುವುದುಂಟು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2022ರ ಐಎಸ್‌ಎಲ್ ಫೈನಲ್ ಫಾತೋರ್ಡಾದಲ್ಲಿ ನಡೆಯಿತು. ಹೈದರಾಬಾದ್ ಎದುರು ಕೇರಳ ಬ್ಲಾಸ್ಟರ್ಸ್. ಗ್ಯಾಲರಿ ಪೂರ್ತಿ ಹಳದಿ. 1-1ಕ್ಕೆ ಆಟ ಮುಗಿದು ಪೆನಾಲ್ಟಿಗೆ ಹೋಯಿತು. ಹೈದರಾಬಾದ್ ಕೀಪರ್ ಮೂರು ಪೆನಾಲ್ಟಿ ತಡೆದ. ಆ ಕೀಪರ್ ಗೋವಾದ ಹುಡುಗ, ಡೆಂಪೋದಲ್ಲಿ, ಎಫ್‌ಸಿ ಗೋವಾದಲ್ಲಿ ಆಡಿ ಬೆಳೆದವನು. ಹೆಸರು ಲಕ್ಷ್ಮೀಕಾಂತ್ ಕಟ್ಟಿಮನಿ. ಕಟ್ಟಿಮನಿ ಅನ್ನುವ ಹೆಸರು ಕೇಳಿದರೆ ಗದಗದ ಕಡೆಯವರಿಗೆ ಎಷ್ಟು ಹತ್ತಿರ ಅನ್ನಿಸುತ್ತದೆ ಅಂತ ನಾನು ಹೇಳಬೇಕಾ? ಅದಕ್ಕೂ ಮೊದಲು, 2015ರ ಫೈನಲ್‌ನಲ್ಲಿ, ಅದೇ ಮೈದಾನದಲ್ಲಿ ಎಫ್‌ಸಿ ಗೋವಾ ಪರ ಆಡುವಾಗ ಕೊನೆಯ ನಿಮಿಷದಲ್ಲಿ ಚೆಂಡು ಅವನ ಕೈತಾಗಿ ಸ್ವಂತ ಗೋಲಾಗಿತ್ತು. ತಂಡ 2-3ರಿಂದ ಸೋತಿತ್ತು. ಅಂಥ ರಾತ್ರಿ ಕಂಡವನು ಮತ್ತೆ ಅಲ್ಲೇ ಬಂದು ನಿಂತು ಮೂರು ತಡೆದ. ಮಗನಿಗೆ ಆ ಪೆನಾಲ್ಟಿಗಳ ವಿಡಿಯೊ ತೋರಿಸಿ. ಕೀಪರ್ ಗೆರೆ ಮೇಲೆ ಎಷ್ಟು ಹೊತ್ತು ಅಲುಗಾಡದೆ ಕಾಯುತ್ತಾನೆ, ಅದನ್ನೇ ನೋಡಲಿ.

ಹನ್ನೆರಡು ವರ್ಷ ಸರಿಯಾದ ವಯಸ್ಸು. ಗೋವಾ ಫುಟ್ಬಾಲ್ ಸಂಸ್ಥೆ ವಯಸ್ಸಿನ ಪ್ರಕಾರ ಲೀಗ್ ನಡೆಸುತ್ತದೆ. ಡೆಂಪೋ, ಸೆಸಾ, ಎಫ್‌ಸಿ ಗೋವಾ ಎಲ್ಲರಿಗೂ ಮಕ್ಕಳ ತಂಡಗಳಿವೆ, ಆಯ್ಕೆ ಯಾವಾಗ ಅಂತ ಫೋನ್ ಮಾಡಿ ಕೇಳಿ. ವಾಸ್ಕೊದಲ್ಲೇ ವಾಸ್ಕೊ ಸ್ಪೋರ್ಟ್ಸ್ ಕ್ಲಬ್ ಇದೆ, 1951ರದು, ಸಾಲ್ಗಾಂವ್ಕರ್‌ಗಿಂತಲೂ ಹಳೆಯದು. ನಮ್ಮ ಕಡೆಯ ಮಕ್ಕಳು ಎಡವುವುದು ಆಟದಲ್ಲಿ ಕಮ್ಮಿ, ಕಾಗದಪತ್ರದಲ್ಲಿ ಜಾಸ್ತಿ. ಜನನ ಪ್ರಮಾಣಪತ್ರ ಊರಲ್ಲಿ, ಶಾಲೆಯ ದಾಖಲೆ ಇಲ್ಲಿ, ಎರಡರಲ್ಲೂ ಹೆಸರು ಬೇರೆ, ತಾರೀಕು ಬೇರೆ. ವಯಸ್ಸಿನ ಲೀಗ್‌ಗೆ ನೋಂದಣಿ ಆಗುವಾಗ ಅಲ್ಲೇ ನಿಲ್ಲುತ್ತದೆ. ಮುಂದಿನ ಸಲ ಗದಗಕ್ಕೆ ಹೋದಾಗ ಪ್ರಮಾಣಪತ್ರದ ಮೂಲಪ್ರತಿ ತೆಗೆದುಕೊಂಡು ಬನ್ನಿ. ಆಧಾರ್‌ನಲ್ಲಿ, ಶಾಲೆಯಲ್ಲಿ ಹೆಸರು ಒಂದೇ ತರಹ ಇದೆಯಾ ನೋಡಿ. ಇಲ್ಲದಿದ್ದರೆ ಈಗಲೇ ತಿದ್ದಿಸಿ. ಆಯ್ಕೆಗೆ ಹೋಗುವ ಮೊದಲು ಈ ಕೆಲಸ ಮುಗಿದಿರಲಿ.